ಸರೋಜಕ್ಕನ ರಜೆ ಚೀಟಿ

ಹೊಸನಗರದ ಕಡೆಯ ಒಂದು ಸಹಕಾರ ಸಂಘದಲ್ಲಿ ಕಚೇರಿಗೊಂದು ಸಾಫ್ಟ್‌ವೇರ್, ಗೋದಾಮಿಗೊಂದು ಸಾಫ್ಟ್‌ವೇರ್. ಒಂದರ ಸುದ್ದಿ ಇನ್ನೊಂದಕ್ಕೆ ಗೊತ್ತಿಲ್ಲ. ಎರಡನ್ನೂ ಜೋಡಿಸಿದರೆ ಏನು ಲಾಭ ಎಂದು ಮನವರಿಕೆ ಮಾಡಲು ನಾನು ನಮ್ಮ ಸಾಫ್ಟ್‌ವೇರ್ ಕಂಪನಿಯ ಪರವಾಗಿ ಇಪ್ಪತ್ತೆರಡು ಸ್ಲೈಡು ಹೊತ್ತುಕೊಂಡು ಹೋಗಿದ್ದೆ.

ಕಾರ್ಯದರ್ಶಿಗಳು ಎರಡನೇ ಸ್ಲೈಡಿಗೇ ಕೈ ಎತ್ತಿದರು. "ನಮ್ಮಲ್ಲಿ ಜೋಡಣೆ ಆಗ್ಲೇ ಇದ್ಯಲ್ರೀ" ಎಂದು ಕಿಟಕಿಯತ್ತ ತೋರಿಸಿದರು. ಹೊರಗೆ ಕ್ಲರ್ಕ್ ಸರೋಜಕ್ಕ ಕೊಡೆ ಹಿಡಿದು ಅಂಗಳ ದಾಟುತ್ತಿದ್ದರು. ಕಚೇರಿಯ ಕಂಪ್ಯೂಟರ್ ನೋಡಿ ಬರೆದುಕೊಂಡ ಚೀಟಿಯನ್ನು ಗೋದಾಮಿನ ಕಂಪ್ಯೂಟರಿಗೆ ಟೈಪ್ ಮಾಡುವುದು ಅವರ ಕೆಲಸ. "ಆರು ವರ್ಷದಿಂದ ಒಂದಿನಾನೂ ಹ್ಯಾಂಗ್ ಆಗಿಲ್ಲ."

ನಾನು ಲ್ಯಾಪ್‌ಟಾಪ್ ಮುಚ್ಚುವಷ್ಟರಲ್ಲಿ ಸರೋಜಕ್ಕ ಬಂದು ಮೇಜಿನ ಮೇಲೊಂದು ಹಾಳೆ ಇಟ್ಟರು. "ಮಗಳು ಬಾಣಂತನಕ್ಕೆ ಬರ್ತಾಳೆ ಸಾರ್. ಮುಂದಿನ ತಿಂಗಳಿಂದ ಮೂರು ತಿಂಗಳು ರಜೆ ಬೇಕು."

"ತೋಟಕ್ಕೆ ಹೊಡಿಯೋ ಮೈಲುತುತ್ತ ಹಂಚೋ ಟೈಮಲ್ಲಾ?"

"ಮಗು ಸಂಘದ ಮೀಟಿಂಗ್ ಕೇಳ್ಕಂಡು ಹುಟ್ಟುತ್ತಾ ಸಾರ್?"

ಕಾರ್ಯದರ್ಶಿಗಳು ನನ್ನತ್ತ ತಿರುಗಿದರು. "ಎಲ್ಲಿ ಸೈನ್ ಹಾಕ್ಬೇಕು?"

ಸರೋಜಕ್ಕ ರಜೆಗೆ ಹೋದ ಮೇಲೆ, ಎರಡನ್ನೂ ಜೋಡಿಸಿದ ಮೊದಲ ದಿನವೇ ಒಬ್ಬ ಗಣಪತಿಯ ಮೈಲುತುತ್ತ ಇನ್ನೊಬ್ಬ ಗಣಪತಿಯ ಮನೆಗೆ ಹೋಯಿತು. ಒಂದೇ ಊರಿನ ಏಳು ಗಣಪತಿಗಳಲ್ಲಿ ಯಾರು ಯಾರೆಂಬುದು ಎರಡು ಸಾಫ್ಟ್‌ವೇರಿಗೂ ತಿಳಿದಿರಲಿಲ್ಲ. ಅದು ಇದ್ದದ್ದು ಸರೋಜಕ್ಕನ ತಲೆಯಲ್ಲಿ. ಅವರ ಮನೆಗೇ ಹೋದೆ.

ಮೊಮ್ಮಗಳಿಗೆ ಎಣ್ಣೆ ಹಚ್ಚುತ್ತಲೇ ಹೇಳಿದರು. "ಬರ್ಕಳಿ. ಹೊಳೆಯಾಚೆ ಗಣಪತಿ, ಮೇಲಿನಮನೆ ಗಣಪತಿ, ಹಲ್ಲು ಕಟ್ಟಿಸ್ಕಂಡ ಗಣಪತಿ..."

ಸದಸ್ಯರ ಪಟ್ಟಿಯಲ್ಲಿ ಈಗ ಒಂದು ಕಾಲಂ ಹೆಚ್ಚಾಗಿದೆ. ಕಂಪನಿಗೆ ಕಳಿಸಿದ ವರದಿಯಲ್ಲಿ ಅದಕ್ಕೆ ಉದ್ದದ ಇಂಗ್ಲಿಷ್ ಹೆಸರು ಕೊಟ್ಟಿದ್ದೇನೆ. ಸಂಘದ ಪರದೆಯ ಮೇಲೆ ಅದು 'ಸರೋಜಕ್ಕ ಹೇಳಿದ್ದು'.