ಬೀಜಕ್ಕೆ ಬಿಟ್ಟ ಚೆಂಡು ಹೂ

ಸ್ನೇಹಿತರೇ, ಯಾರ ಮೇಲೆ ಸಿಟ್ಟು ಮಾಡಲಿ ಹೇಳಿ. ಕುಷ್ಟಗಿಯ ಈ ಬಿಸಿಲಿಗೆ ನನ್ನ ಅಂಗಳದ ಚೆಂಡು ಹೂವಿನ ಗಿಡಗಳೆಲ್ಲ ಅರೆ ಅರಳಿ ಬಾಡಿದರೂ ಒಂದೇ ಒಂದು ಗಿಡದಲ್ಲಿ ತುಂಬು ಹೂವೊಂದು ಅರಳಿತ್ತು. ಮುಂದಿನ ಬೇಸಿಗೆಗೆ ಅದರದೇ ಬೀಜ ಬಿತ್ತಬೇಕೆಂದು ಗುರುತಿಗೆ ತೊಟ್ಟಿಗೊಂದು ಕೆಂಪು ದಾರ ಕಟ್ಟಿ, ಹೂವನ್ನು ಗಿಡದಲ್ಲೇ ಒಣಗಲು ಬಿಟ್ಟಿದ್ದೆ. ಇವತ್ತು ಬೆಳಿಗ್ಗೆ ನೋಡಿದರೆ ಹೂವೂ ಇಲ್ಲ, ದಾರವೂ ಇಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಶಾಂತಕ್ಕ ಕಾಂಪೌಂಡಿನ ಮೇಲಿಂದ ಪ್ರಸಾದ ಚಾಚಿದರು. “ತಗೋರಿ ಮೇಡಂ, ನಿಮ್ಮ ಹರಕಿ ಹೂವು ಹನುಮಪ್ಪಗ ಏರಿಸಿ ಬಂದೀನಿ. ದಾರ ಕಟ್ಟಿ ಮರತss ಬಿಟ್ಟಿದ್ರಿ.”

“ಅದು ಹರಕಿ ಅಲ್ರಿ ಶಾಂತಕ್ಕ, ಬೀಜಕ್ಕ ಬಿಟ್ಟಿದ್ದೆ.”

“ಬೀಜಕ್ಕ ಉಳದ ಗಿಡ ಅದಾವಲ್ರಿ.”

“ಅವು ಬಿಸಲು ತಡಿಯಂಗಿಲ್ರಿ. ಇದೊಂದss ತಡದಿತ್ತು.”

“ನಾನೂ ಅದಕ್ಕss ಹರಕೊಂಡೆ. ಬಾಡಿದ್ದು ದೇವರಿಗೆ ಏರಸಾಕ ಬರತೈತೇನ್ರಿ?”

ನಾನು ಪ್ರಸಾದಕ್ಕೆ ಕೈಯೊಡ್ಡಿದೆ. ಪ್ರಸಾದದ ಸಕ್ಕರೆ ಬಾಯಲ್ಲಿಟ್ಟುಕೊಂಡು ಜಗಳವಾಡುವುದು ಹೇಗೆಂದು ಇನ್ನೂ ಕಲಿತಿಲ್ಲ. ಮೊದಲೇ ಅವರಿಗೆ ಹೇಳಬೇಕಿತ್ತೇ, ಹೇಳಿದ್ದರೆ ಕೇಳುತ್ತಿದ್ದರೇ, ಎಂದು ಯೋಚಿಸುತ್ತ ಗಿಡದಲ್ಲಿ ಉಳಿದಿದ್ದ ಒಂದೇ ಮೊಗ್ಗನ್ನು ನೋಡುತ್ತಿದ್ದೆ. ಶಾಂತಕ್ಕ ನನ್ನ ಕಣ್ಣು ಹೋದ ಕಡೆಯೇ ನೋಡಿ ಸಮಾಧಾನ ಹೇಳಿದರು. “ಚಿಂತಿ ಬಿಡ್ರಿ, ಅದು ಶನಿವಾರಕ್ಕ ಸರಿಯಾಗಿ ಅರಳತೈತಿ. ಹನುಮಪ್ಪನ ವಾರ.”

ಹೀಗೇ ನಡೆದರೆ ನನ್ನ ಅಂಗಳದಲ್ಲಿ ಬೀಜಕ್ಕೆ ಉಳಿಯುವುದು ದೇವರಿಗೂ ಬೇಡವಾದ ಹೂಗಳು ಮಾತ್ರ.