ಬೆಳ್ಳುಳ್ಳಿ ಮಯೋನೀಸಿಗೆ ಅತ್ತೆಯ ಕಡಗೋಲು

ಭದ್ರಾವತಿ, ಮಧ್ಯಾಹ್ನ. ಶಿವಮೊಗ್ಗದ ಬಸ್ಸಿಗೆ ಕಾಯುತ್ತಾ ಗೌರಮ್ಮನವರ ಮಜ್ಜಿಗೆ ಅಂಗಡಿಯಲ್ಲಿ ಕೂತಿದ್ದೇನೆ. ಹಿಂದಿನ ಮೂಲೆಯಲ್ಲಿ ಅವರ ಸೊಸೆ ಶಶಿ ಹೊಸದಾಗಿ ಸ್ಯಾಂಡ್‌ವಿಚ್ ಶುರು ಮಾಡಿದ್ದಾಳೆ. ಕ್ವಾರ್ಟರ್ಸಿನ ಒಂದು ಮನೆಯ ಹುಟ್ಟುಹಬ್ಬಕ್ಕೆ ಇವತ್ತು ಮೊದಲ ದೊಡ್ಡ ಆರ್ಡರ್. ಅದನ್ನು ಒಯ್ಯಲು ಜೀಪು ಆಗಲೇ ಬಂದು ನಿಂತಿದೆ.

ಬ್ರೆಡ್ಡಿಗೆ ಹಚ್ಚುವ ಮಯೋನೀಸಿಗೆ ಬೆಳ್ಳುಳ್ಳಿ, ಮೊಟ್ಟೆ, ನಿಂಬೆರಸ ಮಿಕ್ಸಿಯಲ್ಲಿ ತಿರುಗುತ್ತಿದ್ದವು. ಎಣ್ಣೆ ಹೊಯ್ಯುವಷ್ಟರಲ್ಲಿ ಕರೆಂಟು ಹೋಯಿತು.

"ಬೇಗ ಅಕ್ಕ. ಇಲ್ಲದಿದ್ರೆ ಬೇಕರಿಗೆ ಹೋಗ್ತೀನಿ," ಅಂದ ಡ್ರೈವರ್.

ಶಶಿ ಒಂದಿಷ್ಟು ಎಣ್ಣೆ ಬಿಟ್ಟು ಚಮಚದಲ್ಲಿ ತಿರುವಿದಳು. ಎಣ್ಣೆ ಮೇಲೇ ತೇಲಿತು. ಅವಳ ಕಣ್ಣು ಅತ್ತೆಯ ಕಡಗೋಲಿನವರೆಗೆ ಹೋಗಿ ಹಾಗೇ ವಾಪಸ್ ಬಂತು. ಲಿಂಗ ಕಟ್ಟಿಕೊಂಡ ಗೌರಮ್ಮ ಮೊಟ್ಟೆಯ ಆ ಮೂಲೆಗೆ ಕಾಲಿಟ್ಟವರೇ ಅಲ್ಲವಂತೆ.

ಗೌರಮ್ಮ ಮಜ್ಜಿಗೆಯಿಂದ ಕಡಗೋಲು ಎತ್ತಿ ತೊಳೆದು ಚಾಚಿದರು. "ಹಿಡಿ."

"ಅತ್ತೆ, ಇದರಲ್ಲಿ ಮೊಟ್ಟೆ ಇದೆ."

"ನನಗೇನು ಮೂಗಿಲ್ವಾ ಮಾರಾಯ್ತಿ? ಇನ್ನು ಇದು ನಿಂದೇ. ನಂಗೆ ಬೇರೆ ತಂದ್ರಾಯ್ತು."

ಶಶಿ ಎರಡೂ ಕೈಯಲ್ಲಿ ಕಡೆಯತೊಡಗಿದಳು. ಎಣ್ಣೆ ಬಿಡಲು ಕೈ ಉಳಿಯಲಿಲ್ಲ. ಗೌರಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡು ಆ ಮೂಲೆಗೆ ಹೋಗಿ ಎಣ್ಣೆಯ ಗಿಂಡಿ ಎತ್ತಿಕೊಂಡರು.

"ಎಷ್ಟು ಸಣ್ಣಗೆ ಬಿಡ್ಲಿ, ಹೇಳು."