ಗಾಡಿಯಲ್ಲಿದ್ದ ನಾಲ್ಕನೆಯವನು

ಹೊನ್ನವಳ್ಳಿಯ ಹತ್ತಿರವಿರುವ ನಮ್ಮ ಮನೆಯ ಅಟ್ಟದಲ್ಲಿ ವರ್ಷವಿಡೀ ತೆಂಗಿನಕಾಯಿಗಳು ಬಿದ್ದಿರುತ್ತವೆ. ಉಂಡೆ ಕೊಬ್ಬರಿಯಾಗಲು ಅವಕ್ಕೆ ನಾವು ಮಾಡಬೇಕಾದದ್ದು ಏನೂ ಇಲ್ಲ. ಮುಟ್ಟದೆ ಬಿಟ್ಟರೆ ಸಾಕು. ಒಳಗಿನ ನೀರು ಇಂಗಿ ತಿರುಳು ಚಿಪ್ಪನ್ನು ಬಿಟ್ಟಾಗ, ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಗಟಗಟ ಎನ್ನುತ್ತದೆ. ಹೊರಗೆ ಒಂದು ಗೀರೂ ಕಾಣುವುದಿಲ್ಲ. ಮಧ್ಯಾಹ್ನ ಹೆಂಚು ಕಾದ ಹೊತ್ತಿನಲ್ಲಿ ರಾಶಿ ತಾನಾಗಿ ಒಂದಿಷ್ಟು ಜರುಗುತ್ತದೆ. ಮೇಲೆ ಯಾರೋ ಮಗ್ಗುಲು ಬದಲಿಸಿದಂತೆ ಕೇಳಿಸುತ್ತದೆ. ಎಪ್ಪತ್ತು ವರ್ಷ ಅದರ ಕೆಳಗೆ ಉಂಡು ಮಲಗಿದವನು ನಾನು. ಅದೊಂದು ಸದ್ದು ಎಂದು ನನ್ನ ಗಮನಕ್ಕೆ ಬಂದದ್ದು ನನ್ನ ತಂಗಿಯ ಮಗ ಸೇನೆಯಿಂದ ಮರಳಿದ ಮೇಲೆ.

ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡು ಈ ಮನೆಯಲ್ಲಿ ಬೆಳೆದವನು ಅವನು. ಬೆಟ್ಟದ ರಸ್ತೆಯೊಂದರಲ್ಲಿ ಅವನಿದ್ದ ಗಾಡಿಯ ಮಗ್ಗುಲಲ್ಲೇ ಸ್ಫೋಟವಾಯಿತು. ಕಾಗದಪತ್ರದ ಪ್ರಕಾರ ಗಾಡಿಯಲ್ಲಿದ್ದವರು ಮೂವರು. ಚಾಲಕ ಸತ್ತ, ಇನ್ನೊಬ್ಬ ಕಾಲು ಕಳೆದುಕೊಂಡ, ರಸ್ತೆಯ ಮೇಲೆ ಕಣ್ಣಿಡುವ ಕೆಲಸವಿದ್ದ ಇವನಿಗೆ ಮಾತ್ರ ಒಂದು ಹನಿ ರಕ್ತವೂ ಬರಲಿಲ್ಲ. ಮನೆಗೆ ಬಂದವನು ತೋಟದ ಪಂಪಿನ ಮೋಟರು ಹಾಕಿ ಮರೆಯುತ್ತಿದ್ದ, ಬೆಳಕಿಗೆ ತಲೆ ಹಿಡಿದುಕೊಳ್ಳುತ್ತಿದ್ದ, ಬಾಗಿಲಿಗೆ ಬೆನ್ನು ಮಾಡಿ ಕೂರುತ್ತಿರಲಿಲ್ಲ. ಒಂದು ದಿನ ಕೊಟ್ಟಿಗೆಯ ತಗಡಿನ ಮೇಲೆ ಕಾಯಿಯೊಂದು ಬಿತ್ತು. ಅಂಗಳದಲ್ಲಿ ಆಡುತ್ತಿದ್ದ ತನ್ನ ಮಗಳನ್ನು ನೆಲಕ್ಕೆ ಕೆಡವಿ, ಅವಳ ಮೇಲೆ ಕವಿದು ಮಲಗಿಬಿಟ್ಟ. ಮಗುವಿನ ಮೊಣಕೈ ಮುರಿಯಿತು. ಬಿಡಿಸಲು ಹೋದ ನನ್ನನ್ನು ಅವನು ಗುರುತಿಸಲಿಲ್ಲ.

ಅವನ ಹೆಂಡತಿ ಮಗುವನ್ನು ಕರೆದುಕೊಂಡು ದಬ್ಬೇಘಟ್ಟದ ತವರಿಗೆ ಹೊರಟಳು. ಬಸ್ಸಿಗೆ ಕಾಯುತ್ತ ನನಗೊಂದು ಮಾತು ಹೇಳಿದಳು: "ಅವರ ಮ್ಯಾಲೆ ಸಿಟ್ಟಿಲ್ಲ ಮಾವ. ಆದ್ರೆ ಅವತ್ತು ಅವರ ಕಣ್ಣಾಗೆ ನಾವು ಇರ್ನಿಲ್ಲ. ನಾವು ಕಾಣೋ ಹಂಗಾದಾಗ ಹೇಳಿ, ಬತ್ತೀವಿ."

ಮೊದಲು ತೋರಿಸಿದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಏನೂ ಇಲ್ಲ ಎಂದರು. ಊರಿನವರು ಗಾಳಿ ಸೋಕಿದೆ ಎಂದರು. ನಾನು ಎರಡನ್ನೂ ಒಪ್ಪಲಿಲ್ಲ. ಏಳನೆಯ ತರಗತಿಗೆ ಶಾಲೆ ಬಿಟ್ಟವನಾದರೂ, ಅರಳಗುಪ್ಪೆಯ ದೇವಸ್ಥಾನದ ಬಗ್ಗೆ ಜನ ಹೇಳುವುದನ್ನು ನಂಬದೆ ಹಳೆಯ ಲಿಪಿಯನ್ನು ಕಲಿತು ಶಾಸನವನ್ನು ಸ್ವತಃ ಓದಿದವನು ನಾನು. ಅದನ್ನೇ ಹಿಡಿದು ಪಕ್ಕದ ತೋಟದವನು ಕೆಣಕಿದ: "ಕಲ್ಲಿನ ಮ್ಯಾಲಿನ ಅಕ್ಸರ ಕಾಣ್ತದೆ, ಮನೆ ಒಳಗಿರೋ ಗಾಳಿ ಕಾಣಕಿಲ್ವಾ ಅಣ್ಣ?"

ನಾನು ಅಟ್ಟದಿಂದ ಒಂದು ಕಾಯಿ ತಂದು ಅವನ ಕಿವಿಯ ಬಳಿ ಅಲ್ಲಾಡಿಸಿದೆ. "ಚಿಪ್ಪು ಒಡೆದೈತೇನ್ಲಾ? ಒಳಗೆ ಬುಟ್ಕೊಂಡಿಲ್ವಾ?"

ಅದೇ ಕಾಯಿಯನ್ನು ಚೀಲದಲ್ಲಿಟ್ಟುಕೊಂಡು, ತಿಪಟೂರಿನಿಂದ ಬೆಳಗಿನ ರೈಲು ಹತ್ತಿ, ಅಳಿಯನನ್ನು ಬೆಂಗಳೂರಿನ ಡಾಕ್ಟರೊಬ್ಬರ ಬಳಿಗೆ ಕರೆದೊಯ್ದೆ. ಆಕೆ ಕಾಯಿ ಅಲ್ಲಾಡಿಸಿ ನೋಡಿ ನಕ್ಕರು. "ಹೋಲಿಕೆ ಅರ್ಧ ಸರಿ, ಯಜಮಾನ್ರೇ. ಸ್ಫೋಟದ ಪೆಟ್ಟು ಹೊರಗೆ ಕಾಣದೆ ಒಳಗೆ ತಗಲಬಹುದು. ಎಲ್ಲ ಪೆಟ್ಟೂ ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಆದರೆ ಮಿದುಳು ಕೊಬ್ಬರಿಯಲ್ಲ, ಒಣಗಿ ಮುಗಿಯುವುದಿಲ್ಲ. ಪೆಟ್ಟಿಗೂ ಭಯಕ್ಕೂ ಒಟ್ಟಿಗೆ ಚಿಕಿತ್ಸೆ ಮಾಡೋಣ."

ಚಿಕಿತ್ಸೆಯ ಕ್ರಮ ನನಗೆ ವಿಚಿತ್ರವೆನಿಸಿತು. ಅವನು ಕಣ್ಣು ಮುಚ್ಚಿ, ಆ ದಿನವನ್ನು ಈಗ ನಡೆಯುತ್ತಿರುವಂತೆ ಹೇಳಬೇಕು. ಅದು ಫೋನಿನಲ್ಲಿ ರೆಕಾರ್ಡ್ ಆಗುತ್ತದೆ. ಮನೆಯಲ್ಲಿ ದಿನಾ ಅದನ್ನು ಕೇಳಬೇಕು. ಭಯ ಏರಿ, ತಾನಾಗಿ ಇಳಿಯುವವರೆಗೆ ಕೂತಿರಬೇಕು. ತಲೆಗೆ ಪೆಟ್ಟಾದವರು ಬೇಗ ದಣಿಯುತ್ತಾರೆ, ಮರೆಯುತ್ತಾರೆ. ಆದ್ದರಿಂದ ಹೊತ್ತು ಕಡಿಮೆ, ಜಾಗ ಒಂದೇ, ಪಕ್ಕದಲ್ಲಿ ಕೂರುವವರೂ ಒಬ್ಬರೇ.

"ಆ ಒಬ್ಬರು ನೀವು," ಎಂದರು ಡಾಕ್ಟರು. "ಸುಮ್ಮನೆ ಜೊತೆಗಿರಿ. ಪ್ರಶ್ನೆ ಕೇಳುವುದು ನನ್ನ ಕೆಲಸ."

ಮಧ್ಯಾಹ್ನ ಮೂರು ಗಂಟೆಗೆ ಜಗಲಿಯ ಉದ್ದ ಬೆಂಚಿನ ಮೇಲೆ ಅವನು, ಎದುರಿನ ಕುರ್ಚಿಯಲ್ಲಿ ನಾನು. ಬೆವರು ಅವನ ಗದ್ದದಿಂದ ಇಳಿಯುತ್ತಿತ್ತು. ಮೂರನೆಯ ವಾರಕ್ಕೆ ಬೆವರು ಕಡಿಮೆಯಾಯಿತು. ಮಗಳೊಂದಿಗೆ ಫೋನಿನಲ್ಲಿ ನಗುವುದೂ ಕೇಳಿಸಿತು. ಅಲ್ಲಿಗೆ ನಾನು ತೃಪ್ತನಾಗಬೇಕಿತ್ತು. ಆದರೆ ಪ್ರತಿ ಭೇಟಿಯಲ್ಲೂ ಹೊಸ ರೆಕಾರ್ಡಿಂಗು ಆಗುತ್ತಿತ್ತು, ಮತ್ತು ಅವು ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಒಂದರಲ್ಲಿ ಮೋರಿ ದಾಟಿದ ಮೇಲೆ ತಿರುವು. ಇನ್ನೊಂದರಲ್ಲಿ ತಿರುವಿನ ನಂತರ ಮೋರಿ. ಕಲ್ಲಿನ ಶಾಸನದಲ್ಲಿ ಒಂದು ಅಕ್ಷರ ಸವೆದಿದ್ದರೆ ನಿದ್ದೆಗೆಡುವ ಮನುಷ್ಯ ನಾನು. ನೋಟ್‌ಪುಸ್ತಕದಲ್ಲಿ ಬರೆದುಕೊಂಡೆ. ಕಾಫಿ ಕುಡಿಯುವಾಗ ಕೇಳಿದೆ.

"ಮೋರಿ ಮೊದಲೋ ತಿರುವು ಮೊದಲೋ?"

"ತಿಳೀದು ಮಾವ."

"ಯೋಚ್ನೆ ಮಾಡಿ ಹೇಳಪ್ಪ. ಪಕ್ಕದಾಗೆ ಯಾರು ಕುಂತಿದ್ರು?"

ದಿನವೂ ಕೇಳಿದೆ. ಸತ್ಯ ಕೈಗೆ ಸಿಕ್ಕರೆ ಭಯ ತಾನಾಗಿ ಹೋಗುತ್ತದೆಂದು ನಾನು ನಂಬಿದ್ದೆ. ಅಂಥ ಒಂದು ಸಂಜೆ ಅವನು ಲೋಟ ಕೆಳಗಿಟ್ಟು, "ನಾವು ಮೂವರಲ್ಲ ಮಾವ. ಇನ್ನೊಬ್ಬ ಇದ್ದ," ಎಂದ.

ನನ್ನ ಮೈ ಜುಮ್ಮೆಂದಿತು. ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಅದರಲ್ಲಿ ಗೆಲುವಿನ ಸುಖವೂ ಇತ್ತು. ಕಾಗದಪತ್ರದವರು ಒಬ್ಬನನ್ನು ಬಿಟ್ಟಿದ್ದಾರೆ ಎಂದುಕೊಂಡೆ. ಕಾಲು ಕಳೆದುಕೊಂಡ ಗೆಳೆಯನಿಗೆ ಫೋನ್ ಮಾಡಿಸಿದೆ. ಅವನು ಮೂವರೇ ಎಂದ. ನಾನು ನಂಬಲಿಲ್ಲ.

ಆ ವಾರದಿಂದ ಅಳಿಯ ಬೆಂಚಿನ ಒಂದು ತುದಿಗೆ ಸರಿದು ಕೂರತೊಡಗಿದ. ನಡುವೆ ಒಬ್ಬರು ಹಿಡಿಯುವಷ್ಟು ಜಾಗ ಖಾಲಿ. ತೋಟದ ಬದುವಿನ ಮೇಲೆ ಹೋಗುವಾಗ ಬಿರುಬಿಸಿಲಿನಲ್ಲಿ ನಿಂತು ಯಾರಿಗೋ ದಾರಿ ಬಿಡುತ್ತಿದ್ದ. ಮೂರು ತಟ್ಟೆ ತೊಳೆದಿಡುತ್ತಿದ್ದ, ಮನೆಯಲ್ಲಿದ್ದವರು ನಾವಿಬ್ಬರೇ. ದಬ್ಬೇಘಟ್ಟದಿಂದ ಅವನ ಹೆಂಡತಿ ಫೋನ್ ಮಾಡಿದಳು. "ಮನೇಲಿ ಇನ್ಯಾರು ಬಂದವ್ರೆ ಮಾವ? ನನ್ ಜೊತೆ ಮಾತಾಡ್ತಾ ಮಾತಾಡ್ತಾ, 'ಇರು ಒಂದ್ನಿಮಿಷ' ಅಂದು ಅತ್ಲಾಗೆ ಉತ್ತರ ಕೊಡ್ತಾರೆ. ಈ ಭಾನುವಾರ ಬರನಾ ಅಂತಿದ್ವಿ. ಬ್ಯಾಡ ಬುಡಿ." ಗಾಳಿಯಿಲ್ಲದ ಮಧ್ಯಾಹ್ನಗಳಲ್ಲಿ ನಾನೂ ಆ ಖಾಲಿ ಜಾಗವನ್ನು ನೋಡದೆ ಇರಲು ಪ್ರಯತ್ನಿಸತೊಡಗಿದೆ. ಮೇಲೆ ಅಟ್ಟದಲ್ಲಿ ರಾಶಿ ಜರುಗುತ್ತಿತ್ತು.

ಕೊನೆಗೊಂದು ದಿನ ಕೇಳಿಯೇಬಿಟ್ಟೆ. "ಅವನು ಹೆಂಗಿದ್ದ? ಮುಖ?"

"ಮುಖ ಕಾಣಕಿಲ್ಲ. ಕಾಲು ಕಾಣ್ತದೆ. ಚಪ್ಲಿ ಹಾಕವ್ನೆ."

"ಮಿಲಿಟ್ರಿ ಗಾಡೀಲಿ ಚಪ್ಲಿಯೇನ್ಲಾ?"

"ಹೂಂ ಮಾವ. ಟೈರಿನ ಚಪ್ಲಿ. ಪೆನ್ನಿನ ಮುಚ್ಚಳ ಹಲ್ಲಾಗೆ ಕಚ್ಕಂಡಿರ್ತಾನೆ. ಕೇಳ್ತಾನೇ ಇರ್ತಾನೆ."

"ಏನಂತ?"

"ಮೋರಿ ಮೊದಲೋ ತಿರುವು ಮೊದಲೋ ಅಂತ. ನಾನು ಅವನ ಕಡೆ ತಿರುಗ್ತೀನಿ. ಅದಕ್ಕೇ ರಸ್ತೆ ನೋಡ್ನಿಲ್ಲ. ನೋಡಿದ್ರೆ ಡ್ರೈವರ್ ಬದುಕ್ತಿದ್ದ."

ನನ್ನ ಹಲ್ಲುಗಳ ನಡುವೆ ಪೆನ್ನಿನ ಮುಚ್ಚಳವಿತ್ತು. ನನ್ನ ಕಾಲಿನ ಕಡೆ ನೋಡಿಕೊಳ್ಳಲು ನನಗೆ ಧೈರ್ಯ ಬರಲಿಲ್ಲ.

ಮರುದಿನ ಡಾಕ್ಟರಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ಹೇಳಿದರು: "ಪೆಟ್ಟು ತಿಂದ ಮಿದುಳಿನಲ್ಲಿ ನೆನಪು ಹಸಿ ಗಾರೆಯ ಹಾಗೆ, ಯಜಮಾನ್ರೇ, ಒತ್ತಿದ್ದೆಲ್ಲ ಅಚ್ಚಾಗಿ ಉಳಿಯುತ್ತದೆ. ನಾವು ಬಿಡಿಸಬೇಕೆಂದಿದ್ದದ್ದು ತಪ್ಪು ತನ್ನದೇ ಎಂಬ ಆ ಗಂಟನ್ನು. ನೀವು ಅದಕ್ಕೊಂದು ಸಾಕ್ಷಿ ಕೊಟ್ಟಿದ್ದೀರಿ." ಆಮೇಲೆ, ಮೊದಲ ರೆಕಾರ್ಡಿಂಗಿಗೆ ಮರಳೋಣ, ಆದರೆ ನಾಲ್ಕನೆಯವನು ಯಾರೆಂದು ನೀವೇ ಅವನಿಗೆ ಹೇಳಬೇಕು, ಎಂದರು. ಎಷ್ಟೋ ಜನರ ಮಾತನ್ನು ಸುಳ್ಳೆಂದು ಸಾಧಿಸಿದ್ದ ನಾನು, ನನ್ನದೇ ಕೈಬರಹ ಇನ್ನೊಬ್ಬನ ನೆನಪಿನಲ್ಲಿ ಮೂಡಿದ್ದನ್ನು ಓದಲಾರದೆ ಹೋಗಿದ್ದೆ.

ಮೂರು ಗಂಟೆಗೆ ನೋಟ್‌ಪುಸ್ತಕವಿಲ್ಲದೆ ಹೊರಗೆ ಬಂದೆ. "ಅವನು ನಾನು ಕಣಪ್ಪ," ಎಂದೆ. "ನಿನ್ನ ಗಾಡೀಲಿ ನಾನಿರ್ನಿಲ್ಲ. ಇಲ್ಲಿ ಕುಂತು ಕೇಳಿ ಕೇಳಿ ಅಲ್ಲಿಗೆ ಹತ್ತಿಬುಟ್ಟೆ. ನೀನು ಅವತ್ತು ಯಾರ ಕಡೇನೂ ತಿರುಗ್ನಿಲ್ಲ."

ಅವನು ನನ್ನನ್ನೂ ಖಾಲಿ ಜಾಗವನ್ನೂ ನೋಡಿದ. "ಹಂಗಾದ್ರೆ ಇಲ್ಲಿರೋರು ಯಾರು?"

ನಾನು ಕುರ್ಚಿ ಬಿಟ್ಟು ಎದ್ದು, ಆ ಜಾಗದಲ್ಲಿ ಹೋಗಿ ಕೂತೆ. ಬೆಂಚಿನ ಹಲಗೆ ಬೆಚ್ಚಗಿತ್ತು. ಬಿಸಿಲು ಅಲ್ಲಿಯವರೆಗೆ ಬರುವುದಿಲ್ಲವೆಂಬುದು ನನಗೆ ಗೊತ್ತು, ಅದನ್ನು ಬರೆದಿಟ್ಟುಕೊಳ್ಳಲಿಲ್ಲ. ಅಳಿಯ ನನ್ನ ಭುಜವನ್ನು ಮುಟ್ಟಿ ನೋಡಿದ. ನಂತರ, "ಮಾವ, ನೀವೇ," ಎಂದು ಮೊದಲ ರೆಕಾರ್ಡಿಂಗನ್ನು ಹಚ್ಚಿದ. ಅದರಲ್ಲಿ ಮೂವರೇ ಇದ್ದರು.

ತಿಂಗಳುಗಳು ಹಿಡಿದವು. ಈ ಸಲ ಅಟ್ಟದ ಕಾಯಿ ಇಳಿಸುವ ಹೊತ್ತಿಗೆ ಅವನ ಹೆಂಡತಿಯೂ ಮಗಳೂ ಭಾನುವಾರಕ್ಕೆಂದು ಬಂದರು. ಕಾಯಿಯೊಂದು ಜಾರಿ ತಗಡಿನ ಮೇಲೆ ಬಿತ್ತು. ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಅವನು ಬಿಳಿಚಿಕೊಂಡ, ಅವನ ಕೈ ನನ್ನ ಮಂಡಿಯನ್ನು ಹಿಡಿಯಿತು. ಮಗು ಎರಡು ಮಾರು ದೂರದಲ್ಲಿತ್ತು. ಅವನು ಅವಳನ್ನು ನೋಡಿದ, ಹೆಸರು ಹಿಡಿದು ಕರೆದ, "ಕಾಯಿ ಕಣವ್ವ, ಬರೀ ಕಾಯಿ," ಎಂದ. ಸಂಜೆಯ ಬಸ್ಸಿನ ಹಾರ್ನ್ ಕೇಳಿಸಿದಾಗ ಅವನ ಹೆಂಡತಿ ಚೀಲವನ್ನು ಎತ್ತಿಕೊಳ್ಳಲಿಲ್ಲ. ಒಳಗೆ ಹೋಗಿ ನಾಲ್ಕು ತಟ್ಟೆ ಹಾಕಿದಳು. ಎಣಿಸಿದೆ, ಸರಿಯಾಗಿತ್ತು.

ಅವನು ಈಗಲೂ ಆಗಾಗ ರೆಕಾರ್ಡಿಂಗು ಮಾಡುತ್ತಾನೆ. "ಗಾಡೀಲಿ ಮೂವರಿದ್ದೀವಿ," ಎನ್ನುತ್ತಾನೆ, ಒಂದು ಉಸಿರಿನಷ್ಟು ನಿಲ್ಲಿಸುತ್ತಾನೆ, ಮುಂದುವರಿಸುತ್ತಾನೆ. ಆ ಬಿಡುವಿನಲ್ಲಿ ಪೆನ್ನಿನ ಮುಚ್ಚಳ ಹಲ್ಲಿಗೆ ತಾಗಿದ ಸಣ್ಣ ಸದ್ದು ನನಗೆ ಕೇಳಿಸುತ್ತದೆ. ಅವನಿಗೂ ಕೇಳಿಸುತ್ತದೆಯೇ ಎಂದು ನಾನು ಕೇಳಿಲ್ಲ.